ಎಂಟು ಬಟ್ಟಲಿಗೂ ಒಂದೇ ಗುಲಾಬಿ

“ಅಮ್ಮಾ, ಗಾಜಿನತ್ತೆ ಇವತ್ತು ಯಾಕೆ ಮೆಟ್ಟಿಲು ಎರಡೆರಡು ಹಾರ್ಕೊಂಡು ಬಂದ್ಲು?”

ಐದು ವರ್ಷದ ಮಗಳು ಹೀಗೆ ಕೇಳಿದಾಗ, ಬಟ್ಟೆ ಮಡಚುತ್ತಿದ್ದ ತಾಯಿಗೂ ಅಚ್ಚರಿಯೇ ಆಯಿತು. ಎದುರು ಮನೆಯ ಆ ಅತ್ತೆ ಐವತ್ತು ದಾಟಿದವಳು. ಮಂಡಿನೋವಿನಿಂದ ಮೆಟ್ಟಿಲಿಗೊಂದು ಬೈಗುಳ ಹಾಕುತ್ತ ಹತ್ತುವವಳು.

ಪ್ರಯೋಗಾಲಯವೊಂದರಲ್ಲಿ ಗಾಜಿನ ಸಾಮಾನು ತೊಳೆಯುವುದು ಆಕೆಯ ಇಪ್ಪತ್ತೆರಡು ವರ್ಷದ ಕೆಲಸ. ಸೋಪು ಒಂದು ಸಲ, ನಲ್ಲಿ ನೀರು ಮೂರು ಸಲ, ಭಟ್ಟಿ ಇಳಿಸಿದ ನೀರು ಮತ್ತೆ ಮೂರು ಸಲ. ಆಮೇಲೆ ಬೆಳಕಿಗೆ ಹಿಡಿಯುವುದು. ಎಲ್ಲಿಯೂ ಹನಿಗಟ್ಟದೆ ನೀರು ಹಾಳೆಯಂತೆ ಜಾರಿದರೆ ಬಟ್ಟಲು ಪಾಸು, ಇಲ್ಲವಾದರೆ ಮೊದಲಿಂದ ಶುರು.

ಅಲ್ಲಿ ಸಣ್ಣ ಕೊಳವೆಯ ತುದಿಯಿಂದ ನೇರಳೆ ಬೆಳಕಿನ ನಾಲಿಗೆಯೊಂದು ಇಳಿದು ಬಟ್ಟಲಿನ ನೀರನ್ನು ನೆಕ್ಕುತ್ತದೆ. ವಿದ್ಯುತ್ತು ಹೊಕ್ಕ ಅನಿಲ ಅದು. ಪ್ಲಾಸ್ಮಾ ಎಂದು ಹೆಸರು. ಅದು ನೀರನ್ನು ಮುಟ್ಟುವ ಅಂಚಿನಲ್ಲಿ ಗಾಳಿಯೂ ನೀರೂ ಒಡೆದು, ಬೇರೆಯದೇ ರೀತಿಯಲ್ಲಿ ಕೂಡಿಕೊಂಡು, ಪೆರಾಕ್ಸೈಡ್, ನೈಟ್ರೈಟ್ ಎಂಬ ವಸ್ತುಗಳಾಗಿ ನೀರಿಗಿಳಿಯುತ್ತವೆ. ನೀರು ಆಮ್ಲೀಯವಾಗುತ್ತದೆ. ಅದಕ್ಕೆ ಪರೀಕ್ಷೆಯ ದ್ರವ ಬೆರೆಸಿದರೆ, ನೈಟ್ರೈಟ್ ಎಷ್ಟಿದೆಯೋ ಅಷ್ಟು ಗುಲಾಬಿ ಬಣ್ಣ. ಮೊದಲು ದಿನಕ್ಕೆ ಎರಡೇ ಬಟ್ಟಲು ಇಡುತ್ತಿದ್ದರು. ಎರಡು ತಿಂಗಳ ಹಿಂದೆ ಎಂಟಾಯಿತು. ಎಲ್ಲಕ್ಕೂ ಒಂದೇ ಬಣ್ಣ ಬರಬೇಕಿತ್ತು, ಅಂದಿನಿಂದ ಒಂದರಂತೆ ಒಂದಿಲ್ಲ.

“ಅಕ್ಕಾ, ಬಟ್ಟಲಲ್ಲಿ ಸೋಪು ಉಳೀತಿದೆ,” ಎಂದು ಸಂಶೋಧಕ ಕೈತೊಳೆದುಕೊಂಡ.

ಮುಖ್ಯಸ್ಥೆ ಮೇಡಂ ಒಳ್ಳೆಯವರೇ, ಆದರೆ ಸಾಕಾಗಿತ್ತು. “ಶುಕ್ರವಾರವೂ ಹೀಗೇ ಆದ್ರೆ ತೊಳೆಯೋಕೆ ಮಿಷಿನ್ ತರಿಸ್ತೀನಿ. ನೀವು ನೆಲ ಒರೆಸೋ ಕಡೆಗೆ ಹೋಗಿ.”

ನೆಲ ಒರೆಸಲು ಆಕೆಗೆ ನಾಚಿಕೆಯೇನಿರಲಿಲ್ಲ. ಗಾಜು ತೊಳೆಯಲು ಬರುವುದಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲು ಸಿದ್ಧಳಿರಲಿಲ್ಲ.

ಬುಧವಾರ ಬಟ್ಟಲುಗಳು ತೊಟ್ಟಿಗೆ ಬಂದಾಗ ಆಕೆ ಕೂಡಲೇ ತೊಳೆಯಲಿಲ್ಲ. ಮೈಮೇಲೆ ಬರೆದ ಸರದಿಯ ಸಂಖ್ಯೆ ನೋಡಿ ಸಾಲಾಗಿ ಜೋಡಿಸಿದಳು. ಒಂದನೆಯದು ನೀರಿನಷ್ಟೇ ಪೇಲವ, ಎಂಟನೆಯದು ಕಡುಗುಲಾಬಿ, ನಡುವಿನವು ಮೆಟ್ಟಿಲು ಮೆಟ್ಟಿಲಾಗಿ. ಗುರುವಾರವೂ ಹಾಗೆಯೇ.

ಶುಕ್ರವಾರ ಬೆಳಿಗ್ಗೆ ಆಕೆ ಸೆರಗು ಬಿಗಿದು ನಿಂತಳು. “ಸಾರ್, ಸೋಪಿಗೆ ಎಣಿಸೋಕೆ ಬರುತ್ತಾ?”

“ಏನಕ್ಕಾ?”

“ದಿನಾ ಒಂದನೇದು ಪೇಲವ, ಎಂಟನೇದು ಗಾಢ. ನಾನೇನು ಅಳೆದು ಸೋಪು ಬಿಡ್ತೀನಾ? ಬಟ್ಟಲಿಗೆ ಇಪ್ಪತ್ತು ನಿಮಿಷ ಹಿಡಿಯುತ್ತೆ. ಎಂಟೂ ಮುಗಿದು, ನಿಮ್ಮ ಚಹಾ, ನಿಮ್ಮ ಹರಟೆ, ಆಮೇಲೆ ಒಟ್ಟಿಗೆ ಪರೀಕ್ಷೆ. ಮೊದಲನೇದು ಮೂರು ಗಂಟೆ ಕಾದು ಕೂತಿರುತ್ತೆ ಪಾಪ. ಒಂದೊಂದನ್ನೂ ಇಳಿಸಿದ ಕೂಡಲೇ ನೋಡಿ. ಚಹಾ ಇಲ್ಲಿಗೇ ತರ್ತೀನಿ, ಬಾಗಿಲ ಹೊರಗೆ ನಿಂತು ಕುಡೀರಿ.”

ಸಂಶೋಧಕ ನಕ್ಕ. ಮೇಡಂ ನಗಲಿಲ್ಲ. “ಮಾಡೇ ನೋಡೋಣ,” ಎಂದರು.

ಒಂದು, ಎರಡು, ಮೂರು... ಪ್ರತಿ ಬಟ್ಟಲಿಗೂ ಆಕೆ ಉಸಿರು ಬಿಗಿಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಬೆಳಕಲ್ಲಿ ಎಂಟು ಬಟ್ಟಲು, ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆಯಂತೆ ಒಂದೇ ಗುಲಾಬಿ!

“ಆಮ್ಲದ ನೀರಲ್ಲಿ ಪೆರಾಕ್ಸೈಡು ನೈಟ್ರೈಟನ್ನ ತಿಂದುಹಾಕುತ್ತೆ, ಅದು ನಮ್ಗೆ ಗೊತ್ತಿದ್ದದ್ದೇ,” ಎಂದರು ಮೇಡಂ ಮೆಲ್ಲಗೆ. “ಇಷ್ಟು ಬೇಗ ತಿನ್ನುತ್ತೆ ಅಂತ ಯಾರೂ ಯೋಚಿಸ್ಲಿಲ್ಲ. ತಪ್ಪು ನಮ್ದು ಅಕ್ಕಾ.”

ಸಂಶೋಧಕನ ಕಿವಿ ಕೆಂಪಾಯಿತು. “ಒಂಬತ್ತನೇ ಬಟ್ಟಲು ಅಲ್ಲಿದೆ ನೋಡಿ ಮೇಡಂ,” ಎಂದಳು ಆಕೆ ಆ ಕಿವಿಯತ್ತ ಬೆರಳು ತೋರಿಸಿ. ಪ್ರಯೋಗಾಲಯವೆಲ್ಲ ಘೊಳ್ಳೆಂದಿತು, ಅವನೂ ನಕ್ಕ.

ಇಷ್ಟನ್ನೂ ಆಕೆ ಎದುರು ಮನೆಯ ತಾಯಿಯ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ನಡುನಡುವೆ ಮಗುವಿನ ಕೆನ್ನೆ ಹಿಂಡುತ್ತ, ಒಂದೇ ಉಸಿರಿನಲ್ಲಿ ಹೇಳಿದಳು. ಆಮೇಲೆ ಚೀಲದಿಂದ ದಪ್ಪ ರಟ್ಟಿನ ಹೊಸ ಪುಸ್ತಕ ತೆಗೆದಳು.

“ಸೋಮವಾರದಿಂದ ಯಾವ ಬಟ್ಟಲು ಯಾವಾಗ ಇಳೀತು, ಯಾವಾಗ ನೋಡಿದ್ರು, ಎಲ್ಲಾ ಬರೆಯೋಳು ನಾನೇ. ನನ್ನದು ಕಾಗೆ ಕಾಲು ಗುಬ್ಬಿ ಕಾಲು, ಗೆರೆ ಎಳೆಯೋಕೂ ಬರಲ್ಲ. ನೀನು ಎಳೆದುಕೊಡ್ತೀಯಾ ತಂಗೀ?”

“ಕೊಡಿ ಅಕ್ಕಾ,” ಎಂದಳು ತಾಯಿ. “ಎಷ್ಟು ಮನೆ ಮಾಡ್ಲಿ?”

“ನಾಲ್ಕು. ಸಂಖ್ಯೆಗೊಂದು, ಹೊತ್ತಿಗೆ ಎರಡು. ಕೊನೇದನ್ನ ಮಾತ್ರ ಚೆನ್ನಾಗಿ ಅಗಲ ಮಾಡು. ಅದರ ತಲೆ ಮೇಲೆ ನಿನ್ನ ಮುದ್ದು ಅಕ್ಷರದಲ್ಲಿ ಬರಿ: ತೊಳೆದವರ ಅಭಿಪ್ರಾಯ.”