ಅಜ್ಜಯ್ಯ ಹೊಡೆಯದ ಹುಲಿ

ಟಿ.ವಿ.ಯಲ್ಲಿ ಇಡೀ ದಿನ ಹುಲಿಯುಗುರಿನದೇ ಸುದ್ದಿ ಓಡುತ್ತಿದ್ದ ಕಾಲ ಅದು. ಕೊರಳಲ್ಲಿ ಹುಲಿಯುಗುರಿನ ಪದಕ ಕಂಡರೆ ಕೇಸು, ಮನೆಯಲ್ಲಿಟ್ಟುಕೊಂಡವರು ತಾವಾಗಿಯೇ ಅರಣ್ಯ ಇಲಾಖೆಗೆ ತಂದೊಪ್ಪಿಸಬೇಕು ಎಂದು ಹೇಳುತ್ತಿದ್ದರು. ಅಮ್ಮ ಟಿ.ವಿ. ಬಂದ್ ಮಾಡಿ ಒಳಗೆ ಹೋದಳು. ಕಪಾಟಿಗೆ ಬೀಗ ಹಾಕಿದ ಸದ್ದು ಕೇಳಿಸಿತು. ಅದರೊಳಗೆ ನಮ್ಮದೂ ಒಂದಿತ್ತು.

ಅಮ್ಮನ ಅಪ್ಪ, ಅಂದರೆ ನನ್ನ ಅಜ್ಜಯ್ಯ, ಅಮಾಸೆಬೈಲಿನ ಕಾಡಿನಲ್ಲಿ ಒಂಟಿಯಾಗಿ ಹೊಡೆದ ಹುಲಿಯ ಉಗುರು ಅದು ಎಂದು ಬುದ್ಧಿ ಬಂದಾಗಿನಿಂದ ಕೇಳಿದ್ದೆ. ಬುಡಕ್ಕೆ ಚಿನ್ನ ಕಟ್ಟಿಸಿ ಸರಕ್ಕೆ ಪೋಣಿಸಿದ್ದರು. ಮನೆಯ ಯಾವ ಮಗುವಿಗೂ ಅದನ್ನು ಹಾಕದೆ ಮೊದಲ ವರ್ಷದ ಹುಟ್ಟುಹಬ್ಬ ಆಗುತ್ತಿರಲಿಲ್ಲ. ಅಜ್ಜಯ್ಯನ ಫೋಟೋ ಒಂದೂ ಇಲ್ಲ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ, ಎಂಬತ್ತಮೂರರ ಅಮ್ಮನಿಗೆ ಅಪ್ಪನೆಂದರೆ ಆ ಉಗುರು ಮತ್ತು ಅದರ ಕತೆ, ಅಷ್ಟೇ.

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಕಾನೂನೆಂದರೆ ಎದ್ದು ನಿಲ್ಲುವ ಅಭ್ಯಾಸ ಇನ್ನೂ ಹೋಗಿಲ್ಲ. "ಕೊಟ್ಟ್ ಬಪ್ಪ ಅಮ್ಮ" ಎಂದೆ.

"ಅಪ್ಪಯ್ಯಂದ್ ಅಂತ ನನ್ ಹತ್ರ ಇಪ್ಪುದ್ ಇದೊಂದೇ. ಕೊಡುಕೆ ನೀ ಯಾರ್?" ಎಂದವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಪದಕ ತಂದು ಮೇಜಿನ ಮೇಲಿಟ್ಟು, ಗೋಡೆ ನೋಡುತ್ತ ಕೂತಳು. ನಾನು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹಟ್ಟಿಯಂಗಡಿಯಿಂದ ಕುಂದಾಪುರದ ಬಸ್ಸು ಹತ್ತಿದೆ. ಒಪ್ಪಿಸುವ ಮೊದಲು ಚಿನ್ನವನ್ನಾದರೂ ಬಿಡಿಸಿಕೊಳ್ಳೋಣವೆಂದು ನಮ್ಮ ಅಕ್ಕಸಾಲಿಗ ಆಚಾರ್ರ ಅಂಗಡಿಗೆ ಹೋದೆ.

ಆಚಾರ್ರು ಕಟ್ಟು ಬಿಡಿಸಿದರು. ಬುಡ ನೋಡಿದರು. ಅಂಗೈಯಲ್ಲಿ ತೂಗಿ ನೋಡಿದರು. ಆಮೇಲೆ ಸೂಜಿಯನ್ನು ಕೆಂಪಗೆ ಕಾಯಿಸಿ ಬುಡಕ್ಕೆ ಒತ್ತಿದರು.

"ಹ್ವಾಯ್ ಅಕ್ಕ, ಮೂಸಿ ಕಾಣಿ. ಉಗ್ರ್ ಆದ್ರೆ ಕೂದ್ಲ್ ಸುಟ್ಟ ವಾಸ್ನಿ ಬರ್ಕ್. ಬತ್ತಿತ್ತಾ?"

"ಇಲ್ಲೆ."

"ಬಪ್ಪುದೂ ಇಲ್ಲೆ. ಇದ್ ಕಲ್ಲ್ ಮಾರ್ರೆ!"

ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಮರುಗಳಿಗೆಗೆ, ಹಾಗಾದರೆ ಯಾರೋ ಉಗುರು ಬದಲಿಸಿ ಅಜ್ಜಯ್ಯನಿಗೆ ಟೋಪಿ ಹಾಕಿದ್ದಾರೆ ಎಂದು ಸಿಟ್ಟೂ ಬಂತು. ಆದರೆ ಆಚಾರ್ರಿಗೆ ಸಮಾಧಾನವಿಲ್ಲ. ಕಲ್ಲನ್ನು ಇಷ್ಟು ಚೆಂದ ಯಾರು ಕೆತ್ತುತ್ತಾರೆ, ಒಳಗೆ ಟೊಳ್ಳು ಬೇರೆ ಇದೆಯಲ್ಲ ಎಂದರು. ನೋಡಿದರೆ ಹೌದು, ಟೊಳ್ಳಿನ ತುಂಬ ಹಳದಿ ಬಣ್ಣದ ಏನೋ ಗಟ್ಟಿಯಾಗಿ ಕೂತಿತ್ತು. ನನಗೆ ಹುರುಪು ಬಂದರೆ ತಡೆಯುವವರಿಲ್ಲ. ಊಟಕ್ಕೂ ನಿಲ್ಲದೆ ಬ್ರಹ್ಮಾವರದ ಬಸ್ಸು ಹತ್ತಿದೆ. ನನ್ನ ಜೊತೆ ಕೆಲಸ ಮಾಡಿದ ಗೆಳತಿಯ ಮಗಳು ಅಲ್ಲಿದ್ದಾಳೆ, ಕಾಲೇಜಿನಲ್ಲಿ ಭೂವಿಜ್ಞಾನದ ಪಾಠ ಮಾಡುತ್ತಾಳೆ.

ಅವಳು ಕಿಟಕಿಯ ಬೆಳಕಿಗೆ ಹಿಡಿದು, ಮಸೂರದಲ್ಲಿ ನೋಡಿ, ಕುರ್ಚಿಯಿಂದ ಎದ್ದೇಬಿಟ್ಟಳು. "ಆಂಟಿ, ಇದ್ ಮೊಸಳೆ ಹಲ್ಲ್!"

ನಾನು ಬೆವತೆ. ಹುಲಿಯಿಂದ ತಪ್ಪಿಸಿಕೊಂಡರೆ ಮೊಸಳೆ! ಮೊಸಳೆಯೂ ಅದೇ ಕಾನೂನಿನಲ್ಲಿ ಬರುತ್ತದಲ್ಲವೇ? "ಅದನ್ನೂ ಒಪ್ಪಿಸ್ಕಾ?" ಎಂದು ಕೇಳಿದ್ದಕ್ಕೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಈ ಮೊಸಳೆ ಸಾಯುವತಿಗೆ ಮನುಷ್ಯನೇ ಹುಟ್ಲಿಲ್ಲ ಆಂಟಿ. ಹಲ್ಲ್ ಕಲ್ಲಾಯ್ ಕೋಟಿಗಟ್ಲೆ ವರ್ಷ ಆಯ್ತ್. ಇದಕ್ಕೆ ಆ ಕೇಸ್ ಇಲ್ಲೆ." ಆ ಕುರ್ಚಿಯಲ್ಲಿ ಕೂತು ನಾನು ಎರಡು ಲೋಟ ನೀರು ಕುಡಿದೆ. ಅಮ್ಮನ ಪದಕ ಉಳಿಯಿತು!

ಆಮೇಲೆ ಅವಳು ನನಗೇ ಮಸೂರ ಕೊಟ್ಟು ಪಾಠ ಶುರು ಮಾಡಿದಳು. ಹಲ್ಲಿನ ಎರಡೂ ಬದಿಗೆ ತುದಿಯವರೆಗೆ ಸಣ್ಣ ಏಣು, ನಡುವೆ ಉದ್ದುದ್ದ ಗೆರೆ. ಟೊಳ್ಳು ಯಾಕೆಂದರೆ ಮೊಸಳೆಗೆ ಹಳೆ ಹಲ್ಲಿನ ಅಡಿಯಲ್ಲೇ ಹೊಸದು ಹುಟ್ಟಿಕೊಳ್ಳುತ್ತದಂತೆ. ಈಗಿನ ನಮ್ಮ ಹೊಳೆಯ ಮೊಸಳೆಯ ಹಲ್ಲು ದಪ್ಪ, ಮೊಂಡು. ಇದು ಸಪೂರ, ಬಾಗಿದ್ದು. ಮೀನು ಹಿಡಿಯುವ ಉದ್ದ ಮೂತಿಯದ್ದು, ಘರಿಯಾಲ್ ಎನ್ನುತ್ತಾರಲ್ಲ, ಅದರ ಬಳಗದ್ದು ಇರಬೇಕು ಎಂದಳು. ಸರಿಯಾದ ಹೆಸರು ಹೇಳು ಎಂದು ನಾನು ಕಾಡಿದೆ. ಒಂದೇ ಹಲ್ಲಿನಿಂದ ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ ಎಂದು ಅವಳು ಜಗ್ಗಲಿಲ್ಲ.

"ನಮ್ ಹೊಳಿದೇ ಅಲ್ದಾ?" ಎಂದೆ. ಪೇಪರಿನಲ್ಲಿ ನಮ್ಮೂರಿನ ಹೆಸರು ಬರುವುದು ಆಗಲೇ ಕಣ್ಣಿಗೆ ಕಟ್ಟಿತ್ತು. ಅವಳು ನಿಷ್ಕರುಣೆಯಿಂದ ಅಲ್ಲವೆಂದು ತಲೆಯಾಡಿಸಿದಳು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅಗೆದರೆ ಮುರಕಲ್ಲು ಎನ್ನುವ ಕೆಂಪು ಜಂಬಿಟ್ಟಿಗೆ, ಅದರಡಿಗೆ ಕರಿ ಪಾದೆಗಲ್ಲು. ಎರಡರಲ್ಲೂ ಇಂಥ ಹಲ್ಲು ಸಿಗುವುದಿಲ್ಲವಂತೆ. ಸೂಜಿಯಿಂದ ಟೊಳ್ಳಿನ ಹಳದಿ ಕಲ್ಲಿನ ಚೂರು ಕೆದಕಿ ತೋರಿಸಿದಳು. ಅದರಲ್ಲಿ ರಾಗಿಕಾಳಿಗಿಂತ ಸಣ್ಣ, ದುಂಡಗಿನ, ಚಪ್ಪಟೆ ಚಿಪ್ಪುಗಳು, ಸುರುಳಿ ಸುರುಳಿಯಾಗಿ! ನಾನು ಕಿರುಚಿಯೇಬಿಟ್ಟೆ.

"ಇಂಥ ಕಲ್ಲ್ ಗುಜರಾತಿನ ಕಚ್ಛ್‌ನಲ್ಲಿ ನೆಲದ್ ಮೇಲೇ ಬಿದ್ದಿರತ್ತ್. ನಿಮ್ ಮನಿಯರ್ ಯಾರಾರೂ ಆ ಬದಿಗ್ ಹೋಯಿರಾ?"

ಹಿಂದೆ ಗಂಗೊಳ್ಳಿಯಿಂದ ಮಂಜಿ ಎನ್ನುವ ಹಾಯಿಹಡಗುಗಳು ಹಂಚು ತುಂಬಿಕೊಂಡು ಉತ್ತರಕ್ಕೆ ಹೋಗುತ್ತಿದ್ದವು. ಹುಲಿ ಹೊಡೆಯುವ ಮೊದಲು ಅಜ್ಜಯ್ಯ ಅಂಥದೊಂದರಲ್ಲಿ ಕೂಲಿಗಿದ್ದರು ಎಂದು ಕೇಳಿದ್ದೆ. ಆದರೆ ಮನೆಯಲ್ಲಿ ಹುಲಿಯ ಅಬ್ಬರದ ಮುಂದೆ ಮಂಜಿಯ ಮಾತು ಯಾರಿಗೂ ಬೇಕಿರಲಿಲ್ಲ.

ಕುಂದಾಪುರದಲ್ಲಿ ಇಳಿದು ಮತ್ತೆ ಚಿನ್ನ ಕಟ್ಟಿಸಿದೆ. ಆಚಾರ್ರು ಕೆಲಸ ಮುಗಿಸಿದ್ದೇ ಪಕ್ಕದ ಅಂಗಡಿಗೆ ಸುದ್ದಿ ಹೇಳಲು ಓಡಿದರು. ಊರಿನ ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೆದರಿಕೆ ಹುಟ್ಟಿತು. ಪದಕವೇನೋ ಉಳಿಯಿತು, ಹುಲಿ ಹೋಯಿತಲ್ಲ. ಅಮ್ಮನಿಗೆ ಯಾವ ಬಾಯಿಂದ ಹೇಳುವುದು?

ಹೇಳದೆ ಇರಲೂ ಆಗಲಿಲ್ಲ. ಚಪ್ಪಲಿ ಕಳಚುತ್ತಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಪದಕವನ್ನು ಅವಳ ಕೈಗಿಟ್ಟೆ.

"ಹುಲಿ ಸುಳ್ಳಾ?"

"ಸುಳ್ಳ್ ಅಮ್ಮ."

"ಕಚ್ಛ್‌ದಾ?" ಅಮ್ಮ ನೆಟ್ಟಗೆ ಕೂತಳು. "ನಾ ಹುಟ್ಟುವತಿಗೆ ಅಪ್ಪಯ್ಯ ಅಲ್ಲೇ ಇದ್ದಿರ್. ಮಂಜಿ ತಿರ್ಗಿ ಬಪ್ಪತಿಗೆ ನಂಗೆ ಆರ್ ತಿಂಗ್ಳ್ ಅಂಬ್ರ್. ಸಂಗ್ತಿಗೆ ಹೋದ ಜನ ಎಲ್ಲ ಸೀರಿ ತಂದಿರ್, ಕಾಲ್ಗೆಜ್ಜಿ ತಂದಿರ್. ಇವ್ರ್ ಬರಿಗೈ. ಅಬ್ಬಿ ಒಂದ್ ವಾರ ಮಾತಾಡ್ಸ್‌ಲಿಲ್ಲ ಅಂಬ್ರ್. ಮತ್ತೆ ಅಮಾಸೆಬೈಲಿಗ್ ಹೋಯ್ ಹುಲಿ ಉಗ್ರ್ ತಂದ್ರ್." ಅಬ್ಬಿ ಎಂದರೆ ಅವಳ ತಾಯಿ. ಆ ಉಗುರಿಗೆ ಆಕೆ ತನ್ನ ಕಿವಿಯ ಬೆಂಡೋಲೆ ಮುರಿಸಿ ಚಿನ್ನ ಕಟ್ಟಿಸಿದ್ದಳಂತೆ.

ಇಷ್ಟು ಹೇಳಿ ಅಮ್ಮ ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಅಲ್ಲ ಮಗಾ, ಕೂಸಿಗೆ ಕಲ್ಲ್ ಹೆಕ್ಕಂಡ್ ಬಂದೆ ಅಂದ್ರೆ ಅಬ್ಬಿ ಹೊಳಿಗ್ ಬಿಸಾಡ್ತಿದ್ರ್. ಹುಲಿ ಅನ್ನದೆ ಎಂತ ಮಾಡುದ್, ಪಾಪ!"

ಮುಂದಿನ ತಿಂಗಳು ನನ್ನ ತಮ್ಮನ ಮೊಮ್ಮಗಳ ಮೊದಲ ಹುಟ್ಟುಹಬ್ಬವಿತ್ತು. ಹಿಂದಿನಂತೆಯೇ ಪದಕ ಹಾಕಬಹುದಲ್ಲ ಎಂದೆ.

"ಆ ಕೂಸಿಗೆ ಬೇರೆ ಎಂತಾರೂ ಕೊಡುವ. ಇದ್ ನಂಗ್ ತಂದದ್ದ್" ಎಂದು ಅಮ್ಮ ನನಗೆ ಬೆನ್ನು ಮಾಡಿ, ಕೊಂಡಿ ಹಾಕೆಂದು ಕೊರಳು ಬಾಗಿಸಿದಳು.