ಆ ಅಜ್ಜಿಯ ಮಾತನ್ನು ಯಾರ ದನಿಯಲ್ಲಿ ಓದುವುದು

ಟೋಕಿಯೋದ ನಿಶಿ ಕಸಾಯಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಬಾಲ್ಕನಿಗಳ ನಡುವೆ ಇರುವುದು ಒಂದು ತೆಳು ಹಲಗೆ ಮಾತ್ರ. ಬೆಂಕಿ ಬಿದ್ದರೆ ಇದನ್ನು ಒದ್ದು ಮುರಿದು ಆಚೆ ಹೋಗಿ ಎಂದು ಅದರ ಮೇಲೆ ಬರೆದಿದೆ. ಕೊರೊನಾ ಬಂದ ಮೊದಲ ವರ್ಷ ನಾನು ಮನೆಯವರನ್ನು ಬಿಟ್ಟರೆ ಅತಿ ಹೆಚ್ಚು ಮಾತಾಡಿದ್ದು ಈ ಹಲಗೆಯ ಜೊತೆ. ಗಂಡ ಊಟದ ಮೇಜನ್ನೇ ಆಫೀಸು ಮಾಡಿಕೊಂಡಿದ್ದರು. ಹೈಸ್ಕೂಲು ಮುಚ್ಚಿದ್ದರಿಂದ ಮಗಳು ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿರುತ್ತಿದ್ದಳು. ನನಗೆ ಉಳಿದದ್ದು ಬಾಲ್ಕನಿ. ತೊಳೆದ ಮಾಸ್ಕುಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿ ಒಣಹಾಕುವುದು, ಕುಂಡದ ಮೆಂತ್ಯಕ್ಕೆ ನೀರು ಹನಿಸುವುದು, ಆಮೇಲೆ ಆಚೆಯಿಂದ "ಒಕುಸಾನ್, ಇದ್ದೀರಾ?" ಎಂಬ ದನಿಗೆ ಕಾಯುವುದು. ಒಕುಸಾನ್ ಎಂದರೆ ಮನೆಯೊಡತಿ, ಅಂದರೆ ನಾನು.

ಆಚೆ ಇದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ನಾನು ಅವರನ್ನು ಒಬಾಸಾನ್ ಎನ್ನುತ್ತಿದ್ದೆ, ಮಗಳು ಸಲಿಗೆಯಿಂದ ಒಬಾಚಾನ್. ನನ್ನ ಜಪಾನಿ ಭಾಷೆಯಲ್ಲಿ ಮುಕ್ಕಾಲು ಪಾಲು ಅವರು ಕಲಿಸಿದ್ದು. ನಾನು ಶೇಂಗಾ ಹೋಳಿಗೆಯ ತಟ್ಟೆಯನ್ನು ಹಲಗೆಯ ಅಂಚು ಬಳಸಿ ಆಚೆ ಚಾಚಿದರೆ, ಮರುದಿನ ಅದೇ ತಟ್ಟೆಯಲ್ಲಿ ಹೊಗೆಗೆ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿ ಬರುತ್ತಿತ್ತು. ತಟ್ಟೆಯನ್ನು ಬರಿದಾಗಿ ವಾಪಸು ಕೊಡಬಾರದು ಎಂಬುದು ಇಲ್ಲಿಯೂ ನಮ್ಮಲ್ಲಿಯಂತೆಯೇ. ಆ ಮೂಲಂಗಿಯನ್ನು ಉತ್ತರದ ಹಿಮದ ಸೀಮೆಯಿಂದ ಅವರ ತಂಗಿ ಕಳಿಸುತ್ತಿದ್ದರು. ತಂಗಿಗೆ ಫೋನ್ ಮಾಡುವಾಗ ಮಾತ್ರ ಅಜ್ಜಿ ಒಳಗೆ ಹೋಗಿ ಬಾಲ್ಕನಿಯ ಬಾಗಿಲು ಎಳೆದುಕೊಳ್ಳುತ್ತಿದ್ದರು. ಆದರೂ ಸಂದಿಯಿಂದ ಕೇಳುತ್ತಿತ್ತು. ಅದು ಬೇರೆಯೇ ಜಪಾನಿ. ದುಂಡಗೆ, ಮೂಗಿನಿಂದ, ಒಂದು ಮಾತಿಗೆ ಇನ್ನೊಂದು ಅಂಟಿಕೊಂಡು ಬರುತ್ತಿತ್ತು. ಹೌದು ಎನ್ನುವುದಕ್ಕೆ ಅದರಲ್ಲಿ "ನ್ದಾ" ಎನ್ನುತ್ತಾರೆ. ಆ ಮಾತು ಇಷ್ಟವಾಗಿ ನಾನೂ ಒಮ್ಮೆ ಸೂಪರ್‌ಮಾರ್ಕೆಟ್ಟಿನಲ್ಲಿ, ಚೀಲ ಬೇಕೇ ಎಂದು ಕೇಳಿದ ಹುಡುಗಿಗೆ "ನ್ದಾ" ಎಂದುಬಿಟ್ಟೆ. ಅವಳ ನಗು ಮಾಸ್ಕನ್ನೂ ಪ್ಲಾಸ್ಟಿಕ್ ಪರದೆಯನ್ನೂ ದಾಟಿ ಈಚೆ ಬಂತು. ಯಾಕೆ ನಕ್ಕಳೆಂದು ಆಗ ಹೊಳೆಯಲಿಲ್ಲ.

ಆ ವರ್ಷ ಅಮೆರಿಕದಲ್ಲಿ ಪೊಲೀಸನೊಬ್ಬ ಕಪ್ಪು ಮನುಷ್ಯನ ಕುತ್ತಿಗೆಯ ಮೇಲೆ ಮೊಣಕಾಲೂರಿದ ವಿಡಿಯೋವನ್ನು ಮಗಳು ನೋಡಿದಳು. ನೋಡಿದ ಮೇಲೆ ಒಂದೆರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ನಮ್ಮಿಬ್ಬರನ್ನೂ ಸೋಫಾದಲ್ಲಿ ಕೂರಿಸಿ, ಅಲ್ಲಿಯ ಕಪ್ಪು ಜನರ ಹಕ್ಕಿನ ಹೋರಾಟದ ಕಾಲದ ಕಥೆಯಿದ್ದ ಒಂದು ಹಳೆಯ ಸಿನಿಮಾ ಹಾಕಿದಳು. ಜಪಾನಿಗೆ ಡಬ್ ಮಾಡಿದ್ದು. ಅಮೆರಿಕದ ದಕ್ಷಿಣದವರ ಇಂಗ್ಲಿಷಿಗಿಂತ ನನಗೆ ಅದೇ ಸಲೀಸು.

ಬಿಳಿಯರ ಮನೆಯಲ್ಲಿ ಅಡುಗೆ ಮಾಡುವ ಒಬ್ಬ ಹೆಂಗಸು, ಸಂಜೆ ಕೆಲಸ ಮುಗಿಸಿ ಚರ್ಚಿನಲ್ಲಿ ನಡೆಯುವ ಹೋರಾಟದ ಸಭೆಗೆ ಹೋಗುತ್ತಾಳೆ. ನನ್ನ ಕಣ್ಣು ಸಹಜವಾಗಿ ಅವಳ ಅಡುಗೆಮನೆಯ ಮೇಲಿತ್ತು. ಹಿಟ್ಟು ಯಾವುದು, ಬಾಣಲೆ ಎಷ್ಟು ದಪ್ಪ, ಒಡತಿಗೆ ಬಡಿಸಿದ ಮೇಲೆ ಇವಳು ಎಲ್ಲಿ ಕೂತು ಉಣ್ಣುತ್ತಾಳೆ. ಕಿವಿ ಎಚ್ಚರಾದದ್ದು ಸ್ವಲ್ಪ ತಡವಾಗಿ. ಒಡತಿ ಮಾತಾಡಿದರೆ ವಾರ್ತೆ ಓದುವ ಜಪಾನಿ. ಅಡುಗೆಯಾಕೆ ಬಾಯಿ ತೆರೆದರೆ ಹಲಗೆಯಾಚೆಯ ಫೋನು!

"ಈಕಿ ಯಾಕ ಒಬಾಸಾನ್ ಹಂಗ ಮಾತಾಡ್ತಾಳ?" ಎಂದೆ.

"ಅಮ್ಮ, ದಟ್ಸ್ ಇನಾಕಾ ಸ್ಟೈಲ್. ಹಳ್ಳಿ ಜನ ಥರ," ಮಗಳು ಅಂದಳು. "ಓಲ್ಡ್ ಮೂವೀಸಲ್ಲಿ ಬ್ಲ್ಯಾಕ್ ಪೀಪಲ್‌ಗೆ ಹಾಗೇ ಮಾಡ್ತಾರೆ. ಬುಕ್ಸಲ್ಲೂ."

"ಅಮೆರಿಕದಾಗ ಯಾವ ಜಪಾನಿ ಹಳ್ಳಿ ಐತವ್ವಾ?"

ಗಂಡ ಬೆಂಗಳೂರಿನವರು, ನಾನು ಬಾಗಲಕೋಟೆ ಕಡೆಯವಳು. ಕಾಲೆಳೆಯಲು ಸಿಕ್ಕ ಅವಕಾಶ ಅವರು ಬಿಡುವವರಲ್ಲ. "ನಮ್ ಸಿನಿಮಾಗಳಲ್ಲೂ ಅಷ್ಟೇ ಅಲ್ವೇನೇ? ಕಾಮಿಡಿ ಬೇಕು ಅಂದ್ರೆ ನಿಮ್ ಕಡೆ ಲ್ಯಾಂಗ್ವೇಜು."

"ನಿಮ್ಮ ಮಂಡ್ಯದ ಮಾವನ್ನ ಕೇಳ್ರೀ, ಅವರ ಮಾತು ಯಾರಿಗೆ ಕೊಡ್ತಾರ ಅಂತ. ಮನಿ ಆಳಿನ ಪಾರ್ಟ್ ಆ ಮಾತಿಗೇ ಮೀಸಲು."

"ಪ್ಲೀಸ್, ಮೂವಿ ನೋಡೋಣ್ವಾ?" ಎಂದಳು ಮಗಳು.

ನನಗೆ ಆ ಕುತೂಹಲ ಹತ್ತಿಕೊಂಡುಬಿಟ್ಟಿತು. ಅದೇ ದೃಶ್ಯವನ್ನು ಇಂಗ್ಲಿಷಿನಲ್ಲಿ ಹಾಕಿಸಿ ಕೇಳಿದೆ. ಒಡತಿಯೂ ಅಡುಗೆಯಾಕೆಯೂ ಒಂದೇ ಬಿಸಿಲಿನಲ್ಲಿ ಬೆಳೆದವರ ಹಾಗೆ ಎಳೆದೆಳೆದು ಮಾತಾಡುತ್ತಿದ್ದರು. ವ್ಯತ್ಯಾಸ ಇರಬಹುದು, ಆದರೆ ನನ್ನ ಕಿವಿಗೆ ಅದು ಒಂದೇ ಊರಿನ ಎರಡು ಓಣಿಗಳಷ್ಟು. ಮುಂದಿನ ವಾರಗಳಲ್ಲಿ ಕಾಳು ನೆನೆಹಾಕಿ, ಬಟ್ಟೆ ಮಡಚುತ್ತಾ ಇನ್ನಷ್ಟು ಹಳೆಯ ಸಿನಿಮಾ ನೋಡಿದೆ. ಅಗಸಗಿತ್ತಿ, ಕಾರಿನ ಡ್ರೈವರ್, ಹತ್ತಿ ಬಿಡಿಸುವ ಮುದುಕ, ಇವರಿಗೆಲ್ಲ ಹಳ್ಳಿಯ ಜಪಾನಿ. ವೇದಿಕೆ ಹತ್ತಿ ಭಾಷಣ ಮಾಡುವ ಕಪ್ಪು ನಾಯಕನಿಗೆ ಮಾತ್ರ ಟೋಕಿಯೋದ ಜಪಾನಿ. ಯಾರಿಗೆ ಯಾವ ಮಾತು ಎಂದು ಯಾರು ಕೂತು ಹಂಚುತ್ತಾರೆ?

ಒಂದು ಬೆಳಿಗ್ಗೆ ಹಲಗೆಯ ಈಚೆಯಿಂದ ಕೇಳಿಯೇಬಿಟ್ಟೆ. "ಒಬಾಸಾನ್, ಅಮೆರಿಕದ ಸಿನಿಮಾದಲ್ಲಿ ಕಪ್ಪು ಹೆಂಗಸರು ಮಾತಾಡುತ್ತಾರಲ್ಲ, ಅದು ನಿಮ್ಮ ಊರಿನ ಮಾತು ಅಲ್ಲವಾ? ನೀವು ತಂಗಿಯ ಹತ್ತಿರ ಆಡುವುದು?"

ಗುರುತು ಹಿಡಿದೆನೆಂಬ ಖುಷಿ ನನಗೆ. ಆಚೆ ಬಾಗಿಲು ಎಳೆದುಕೊಂಡ ಸದ್ದು.

ಆಮೇಲೆ ಕೆಲವು ದಿನ ಅವರು ಬಾಲ್ಕನಿಗೆ ಬರಲಿಲ್ಲ. ಅವರ ಕ್ಲಿಪ್ಪುಗಳಲ್ಲಿ ಮಾಸ್ಕು ಒಣಗಲಿಲ್ಲ. ನನ್ನ ತಟ್ಟೆ ಒಂದು ಚೀಲದಲ್ಲಿ ನಮ್ಮ ಬಾಗಿಲ ಹಿಡಿಗೆ ನೇತಾಡುತ್ತಿತ್ತು. ಚೆನ್ನಾಗಿ ತೊಳೆದಿದ್ದರು. ಬರಿದಾಗಿತ್ತು.

"ಜ್ವರ ಏನಾದ್ರೂ ಬಂದಿದ್ಯೇನೋ, ವಿಚಾರಿಸು," ಎಂದರು ಗಂಡ. ಜ್ವರವಲ್ಲ ಎಂದು ಬರಿದಾದ ತಟ್ಟೆ ನೋಡಿದವಳಿಗೆ ಗೊತ್ತಿತ್ತು.

ಅವರಾಗಿಯೇ ಬಂದರು. ಮೊದಲು ಮೂಲಂಗಿಯ ಬಟ್ಟಲು ಹಲಗೆಯ ಅಂಚಿನಿಂದ ಇಣುಕಿತು, ಹಿಂದೆ ದನಿ.

"ಒಕುಸಾನ್, ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಕೇಳಿದ್ದು ನಿಜ. ಅದಕ್ಕೇ ಕಷ್ಟವಾಯಿತು."

ಹದಿನೈದನೆಯ ವಯಸ್ಸಿಗೆ ಊರಿನ ಬೇರೆ ಮಕ್ಕಳ ಜೊತೆ ರೈಲು ಹತ್ತಿ ಟೋಕಿಯೋದ ಕಾರ್ಖಾನೆಗೆ ಬಂದವರು ಅವರು. ಹಾಸ್ಟೆಲಿನಲ್ಲಿ ಮೊದಲ ಸಲ ಬಾಯಿ ತೆರೆದಾಗ ಕೋಣೆಯ ಹುಡುಗಿಯರು ನಕ್ಕರಂತೆ. ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಎಂದು ಹೇಳಿಸಿ ನಕ್ಕರಂತೆ. ಅಂದಿನಿಂದ ಬಹಳ ಕಾಲ ಯಾರು ಏನು ಕೇಳಿದರೂ "ಹಾಯ್", ಅಂದರೆ ಆಯಿತು, ಎಂಬ ಒಂದೇ ಮಾತು. ರೇಡಿಯೋ ಕೇಳಿ ಕೇಳಿ ಟೋಕಿಯೋದ ಮಾತು ಕಲಿತರು. ಎಷ್ಟು ಚೆನ್ನಾಗಿ ಕಲಿತರೆಂದರೆ, ವಯಸ್ಸಾದ ಮೇಲೆ ಲೈಬ್ರರಿಯ ಓದುವ ಬಳಗಕ್ಕೆ ಸೇರಿದರು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಡುವ ಬಳಗ. ಅಲ್ಲಿ ಉಚ್ಚಾರ ಒಂದಿಷ್ಟು ಆಚೀಚೆಯಾದರೂ ತಿದ್ದುತ್ತಾರೆ. ಇವರು ಎಲ್ಲಿಯವರೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಹುಟ್ಟಾ ಟೋಕಿಯೋದವರೆಂದೇ ಎಲ್ಲರೂ ತಿಳಿದಿದ್ದಾರೆ.

"ಈಗ ಲೈಬ್ರರಿ ಮುಚ್ಚಿದೆಯಲ್ಲ, ಕಂಪ್ಯೂಟರಿನಲ್ಲೇ ಸೇರಿ ಓದುತ್ತಾರಂತೆ. ಬಳಗದ ಗುರು, ನಮ್ಮ ಸೆನ್ಸೇ, ಈ ಸಲ ಒಂದು ಅಮೆರಿಕದ ಕಾದಂಬರಿ ಆರಿಸಿದ್ದಾರೆ. ಓಟಿನ ಪಟ್ಟಿಗೆ ಹೆಸರು ಸೇರಿಸಲು ಹೋಗುವ ಕಪ್ಪು ಅಜ್ಜಿಯ ಕಥೆ. ಅಜ್ಜಿಯ ಪಾತ್ರ ನನಗೆ ಬಂದಿದೆ."

"ಒಳ್ಳೇದಾಯ್ತಲ್ಲ!"

"ಅನುವಾದ ಹಳೆಯದು, ಒಕುಸಾನ್."

ಆಗ ನನಗೆ ಅರ್ಥವಾಯಿತು. ಆ ಅಜ್ಜಿಯ ಮಾತೆಲ್ಲ ಸಿನಿಮಾದ ಹಳ್ಳಿಯ ಜಪಾನಿಯಲ್ಲಿ ಅಚ್ಚಾಗಿದೆ. ಪುಟವನ್ನು ಹಲಗೆಯ ಅಂಚಿನಿಂದ ತೋರಿಸಿದರು. ನನಗೆ ಅಕ್ಷರ ಅಷ್ಟಾಗಿ ಓದಲು ಬರದು. ಅವರ ಬೆರಳು ಸಾಲಿನ ಮೇಲೆ ಕುಟ್ಟುತ್ತಿತ್ತು. "ಇದು ಯಾವ ಊರಿನ ಮಾತೂ ಅಲ್ಲ. ನಮ್ಮ ಕಡೆಯದು ಒಂದು ಚೂರು, ಇನ್ನೆಲ್ಲಿಯದೋ ಒಂದು ಚೂರು. ಇದನ್ನು ಬರೆದವರು ನಮ್ಮ ಕಡೆ ರೈಲಿನಿಂದಲೂ ಇಳಿದಿರಲಾರರು."

"ಹಾಗಾದರೆ ಸರಿಮಾಡಿ ಓದಿ."

"ಅಚ್ಚಾದ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ. ಕಣ್ಣಿಲ್ಲದವರಿಗೆ ಪುಸ್ತಕದಲ್ಲಿ ಇದ್ದದ್ದೇ ತಲುಪಬೇಕು, ಅದು ನಿಯಮ." ಪುಸ್ತಕವನ್ನು ಹಿಂದಕ್ಕೆ ಎಳೆದುಕೊಂಡು ಅಂದರು, "ನಗೆ ಬರುವ ಹಾಗೆ ಓದಿದರೆ ನನ್ನ ಅವ್ವನನ್ನು ನಾನೇ ಅಣಕಿಸಿದಂತೆ. ಸರಿಯಾಗಿ ಓದಿದರೆ ನಾನು ಎಲ್ಲಿಯವಳೆಂದು ಎಲ್ಲರಿಗೂ ಗೊತ್ತಾಗುತ್ತದೆ. ಗಂಟಲು ನೋವು ಅಂದುಬಿಡೋಣ ಅಂತಿದ್ದೆ."

"ಈ ಕಾಲದಲ್ಲಿ ಗಂಟಲು ನೋವು ಅಂದರೆ ಆಂಬುಲೆನ್ಸ್ ಬಂದೀತು!" ಎಂದೆ. ಬಹಳ ದಿನಗಳ ಮೇಲೆ ಅವರು ನಕ್ಕಿದ್ದು ಕೇಳಿಸಿತು.

ಅವರಿಗೂ ನನ್ನ ಕುತೂಹಲವೇ ಅಂಟಿತ್ತು. ಮೂಲದಲ್ಲಿ ಆ ಅಜ್ಜಿ ಹೇಗೆ ಮಾತಾಡುತ್ತಾಳೆ ಎಂದು ಕೇಳಿದರು. ಮಗಳು ತನ್ನ ಟ್ಯಾಬ್ಲೆಟ್ಟಿನಲ್ಲಿ ಇಂಗ್ಲಿಷ್ ಪುಸ್ತಕ ತರಿಸಿಕೊಂಡು, ಬಾಲ್ಕನಿಯಲ್ಲಿ ನಿಂತು ಆ ಭಾಗ ಓದಿದಳು. ಪುಸ್ತಕದ ಅಜ್ಜಿ ಕಚೇರಿಗೆ ಹೋಗುತ್ತಾಳೆ. ಗುಮಾಸ್ತ ನಾಳೆ ಬಾ ಎನ್ನುತ್ತಾನೆ. ಮರುದಿನ ಮತ್ತೆ ಹೋಗುತ್ತಾಳೆ.

ಆಚೆಯಿಂದ ಪ್ರಶ್ನೆ ಬಂತು. "ಅದು ನಗೆ ಬರುವ ಹಾಗಿದೆಯಾ?"

ಮಗಳು ಯೋಚಿಸಿದಳು. "ಇಲ್ಲ, ಒಬಾಚಾನ್. ಸುಸ್ತಾಗಿದ್ದಾಳೆ. ಬಟ್ ಹೆದರಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ನೀನು ಹೇಳು. ನಿನ್ನ ಕನ್ನಡದಲ್ಲಿ. ಫೋನಲ್ಲಿ ದೊಡ್ಡಮ್ಮನ ಹತ್ರ ಮಾತಾಡ್ತೀಯಲ್ಲ, ಆ ಕನ್ನಡ."

ನನಗೆ ಸಂಕೋಚವಾಯಿತು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ, ಹೊರಗಿನವರ ಎದುರು ನಾನು ಆ ಮಾತನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದೆ. ಇಲ್ಲಿಯ ಕನ್ನಡದವರ ಕೂಟದಲ್ಲೂ ಅಷ್ಟೇ. ಆದರೂ ಹೇಳಿದೆ, ಹಲಗೆಗೆ ಮುಖ ಮಾಡಿ. ಒಂದು ಶಬ್ದವೂ ತಿಳಿಯದ ಒಬಾಸಾನ್ ಇನ್ನೊಮ್ಮೆ ಎಂದರು. ಹಾಸ್ಟೆಲಿನ ಹುಡುಗಿಯರು ಕೇಳಿದಂತೆ ಅಲ್ಲ. ಇನ್ನೊಮ್ಮೆ ಹೇಳಿದೆ.

"ನೀವು ಅವಸರ ಮಾಡಲಿಲ್ಲ," ಎಂದರು ಅಷ್ಟೇ.

ಓದಿನ ದಿನ ಟ್ಯಾಬ್ಲೆಟ್ಟನ್ನು ಅವರ ಬಾಲ್ಕನಿಯಲ್ಲಿದ್ದ ಬಟ್ಟೆ ಒಗೆಯುವ ಯಂತ್ರದ ಮೇಲೆ ನಿಲ್ಲಿಸಿದೆವು. ನಮ್ಮ ವೈಫೈ ಹಲಗೆ ದಾಟಿ ಅಷ್ಟು ದೂರಕ್ಕೆ ಸಿಗುತ್ತಿತ್ತು. ನಾನೂ ಮಗಳೂ ಈಚೆ ಸ್ಟೂಲು ಹಾಕಿಕೊಂಡು ಕೂತೆವು. ಸೆನ್ಸೇ ಕಥೆಯ ನಿರೂಪಣೆ ಓದಿದರು. ಗುಮಾಸ್ತನ ಪಾತ್ರ ಬಳಗದ ಒಬ್ಬ ವಯಸ್ಸಾದ ಗಂಡಸಿನದು. ಅವರದು ರೇಡಿಯೋದಂಥ ದನಿ, ಅದಕ್ಕೇ ನ್ಯಾಯಾಧೀಶರು, ಅಧಿಕಾರಿಗಳೆಲ್ಲ ಯಾವಾಗಲೂ ಅವರ ಪಾಲಿಗೇ ಎಂದು ಒಬಾಸಾನ್ ಹೇಳಿದ್ದರು.

ಅಜ್ಜಿಯ ಸಾಲು ಬಂತು. ಅಚ್ಚಿನ ಅಕ್ಷರಗಳನ್ನೇ ಓದಿದರಂತೆ, ಒಂದನ್ನೂ ಬಿಡದೆ. ಆ ಪುಟದ ಫೋಟೋ ತೆಗೆದಿಟ್ಟುಕೊಂಡು ಮಗಳು ನೋಡುತ್ತಿದ್ದಳು. ಆದರೆ ರಾಗ ತಂಗಿಯ ಫೋನಿನ ರಾಗ. ಹಿಮದಲ್ಲಿ ಕಾಲಿಟ್ಟು ಕಾಲು ಕಿತ್ತು ನಡೆಯುವವರ ನಿಧಾನ ಅದಕ್ಕಿತ್ತು.

ಅದನ್ನು ಇಲ್ಲಿ ಹೇಗೆ ಬರೆಯುವುದೆಂದು ನಾನು ಬಹಳ ಯೋಚಿಸಿದ್ದೇನೆ. ಪುಸ್ತಕದ ಕನ್ನಡದಲ್ಲಿ ಬರೆದರೆ ಅದು ಗುಮಾಸ್ತನ ಮಾತಾಗುತ್ತದೆ. ನನ್ನ ಊರ ಮಾತಿನಲ್ಲಿ ಬರೆದರೆ ಆ ಅನುವಾದಕರು ಮಾಡಿದ್ದನ್ನೇ ಮಾಡಿದಂತಲ್ಲವೇ? ಆದರೆ ನಾನು ಆ ಮಾತಿನಲ್ಲಿ ಅತ್ತಿದ್ದೇನೆ, ಜಗಳಾಡಿದ್ದೇನೆ, ಮಗಳಿಗೆ ಲಾಲಿ ಹಾಡಿದ್ದೇನೆ. ನನಗೆ ಅದು ವೇಷವಲ್ಲ. ಅದರಲ್ಲೇ ಬರೆಯುತ್ತೇನೆ.

"ನಿನ್ನೆ ಬಂದಿದ್ನಿರೀ. ಬಾಗಲಾ ಹಾಕಿತ್ತು. ಇವತ್ತ ಬಂದೀನಿ, ಬಾಗಲಾ ತಗದೈತಿ. ನನ್ನ ಹೆಸರ ಬರಕೋರಿ. ನೀವು ಬರಕೊಳ್ಳೂ ತನಕಾ ನಾ ಇಲ್ಲೇ ನಿಂದರತೀನಿ. ನಿಂದರೂದು ನನಗ ಹೊಸಾದಲ್ಲ."

ಯಾರೂ ನಗಲಿಲ್ಲ. ಗುಮಾಸ್ತ "ನಾಳೆ ಬಾ" ಎನ್ನಬೇಕಿತ್ತು. ಅನ್ನಲಿಲ್ಲ.

"ಸುಮಿಮಾಸೆನ್, ಕ್ಷಮಿಸಿ, ಮ್ಯೂಟ್ ಆಗಿದ್ದೀರಾ?" ಎಂದರು ಸೆನ್ಸೇ.

ಮ್ಯೂಟ್ ಆಗಿರಲಿಲ್ಲ. ಅವರ ಉಸಿರು ಕೇಳುತ್ತಿತ್ತು. ಆಮೇಲೆ ಆ ರೇಡಿಯೋ ದನಿ ಪುಸ್ತಕದಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿತು. "ನಿಮ್ಮ ಊರು ಯಾವುದು?"

ಮಗಳು ನನ್ನ ಕೈ ಹಿಡಿದುಕೊಂಡಳು. ಹಲಗೆಯ ಆಚೆ ಒಬಾಸಾನ್ ತಮ್ಮ ಹಳ್ಳಿಯ ಹೆಸರು ಹೇಳಿದರು. ಇಷ್ಟು ವರ್ಷ ಪಕ್ಕದಲ್ಲಿದ್ದೂ ನಾನು ಅದನ್ನು ಕೇಳಿದ್ದು ಅದೇ ಮೊದಲು. ಅದರ ಪಕ್ಕ ಹರಿಯುವ ಹೊಳೆಯ ಹೆಸರನ್ನೂ ಹೇಳಿದರು.

"ನ್ದಾ," ಎಂದಿತು ರೇಡಿಯೋ ದನಿ. "ಅದೇ ಹೊಳೆ. ನಮ್ಮದು ಅದರ ಕೆಳಗಿನ ಊರು."

ಒಬ್ಬರ ಊರು ಇನ್ನೊಬ್ಬರಿಗೆ ತಿಳಿಯದೆ ಎಷ್ಟೋ ವರ್ಷ ಒಂದೇ ಮೇಜಿನಲ್ಲಿ ಕೂತು ಓದಿದವರು ಅವರಿಬ್ಬರೂ. ಪರದೆಯ ಉಳಿದ ಮುಖಗಳು ಏನು ಮಾಡಬೇಕೆಂದು ತೋಚದೆ ಸುಮ್ಮನೆ ತಲೆ ಬಾಗಿಸಿದವಂತೆ. ಸೆನ್ಸೇ ಮೆಲ್ಲಗೆ, ರೆಕಾರ್ಡಿಂಗ್ ಕೆಟ್ಟಿತು, ಅಜ್ಜಿಯ ಸಾಲಿನಿಂದ ಮತ್ತೆ ಶುರುಮಾಡೋಣ ಎಂದರು.

"ಈಗ ಇವರಿಗೆ ನಾಳೆ ಬಾ ಅಂತ ಹೇಗೆ ಹೇಳಲಿ?" ಎಂದರು ಆ ಗಂಡಸು.

"ಹೇಳಿ, ಹೇಳಿ," ಎಂದರು ಒಬಾಸಾನ್, ಬಾಗಿಲು ತೆರೆದಿಟ್ಟು ಆಡುವ ಗಟ್ಟಿ ದನಿಯಲ್ಲಿ. "ನೀವು ಹೇಳದಿದ್ದರೆ ನಾನು ನಿಲ್ಲುವುದು ಹೇಗೆ?"