ಗಾಳಕ್ಕೆ ಹೋದ ಪಂಚಮಿ ಉಂಡಿ

ಮೊನ್ನೆ ಪಂಚಮಿಗೆ ಉಂಡಿ ಕಟ್ಟಲೆಂದು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಡಬ್ಬಿ ಹುಡುಕುತ್ತಿದ್ದೆ. ಹಿಂದೆ ಮೂಲೆಯಲ್ಲಿ ಆ ಹಳೆಯ ಐಸ್‌ಕ್ರೀಮ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ, ಅಷ್ಟೇ. ಇಂಗಿನ ವಾಸನೆ! ಎಷ್ಟು ಸಲ ಸೋಪು ಹಾಕಿ, ನಿಂಬೆಹಣ್ಣು ತಿಕ್ಕಿ ತೊಳೆದಿದ್ದೇನೋ. ಹನ್ನೊಂದು ವರ್ಷವಾದರೂ ಆ ಇಂಗು ಡಬ್ಬಿ ಬಿಟ್ಟು ಹೋಗಿಲ್ಲ. ಅದರಡಿಯಲ್ಲಿ ಇನ್ನೊಂದು ವಾಸನೆಯೂ ಇದೆ… ಹೊಳೆಯ ಕೆಸರಿನದು. ಅದು ನನ್ನ ಮೂಗಿಗೆ ಮಾತ್ರ ಬರುತ್ತದೆಯೋ ಏನೋ. ಉಂಡಿಗೆ ಬೇರೆ ಡಬ್ಬಿ ತೆಗೆದುಕೊಂಡೆ. ಆದರೆ ಕಟ್ಟುವ ಹೊತ್ತೆಲ್ಲ ಪಕ್ಕದ ಮನೆಯ ಅಜ್ಜ ಕಣ್ಣಮುಂದೆಯೇ ಇದ್ದರು.

ನಮ್ಮ ಮನೆಯವರಿಗೆ ನಾಟಿಂಗ್‌ಹ್ಯಾಮ್‌ನ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಕ್ಕು ನಾವು ಈ ಮನೆಗೆ ಬಂದಾಗ, ಮೊದಲು ಮಾತಾಡಿಸಿದವರು ಅವರು. ಬೇಲಿಯ ಆಚೆಯಿಂದ "ಏಯ್ ಅಪ್, ಮಿ ಡಕ್" ಅಂದರು. ಡಕ್ ಅಂದರೆ ಬಾತುಕೋಳಿ ಎಂದಷ್ಟೇ ನನಗೆ ಗೊತ್ತು. ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ನಾನು ನಡೆಯುವ ರೀತಿ ನೋಡಿ ಆಡಿಕೊಂಡರು ಅಂದುಕೊಂಡು, ಮುಖ ತಿರುಗಿಸಿ ಒಳಗೆ ಬಂದೆ.

ಮನೆಯವರು ನಕ್ಕೂ ನಕ್ಕೂ ಸುಸ್ತಾದರು. "ಇಲ್ಲಿ ಹಂಗ ಅಂತಾರ. ನಮ್ಮ ಕಡೆ 'ಯವ್ವಾ' ಅಂದಂಗ ಅದು. ನಾನೂ ಡಕ್ಕೇ, ಬಸ್ ಡ್ರೈವರೂ ಡಕ್ಕೇ."

ಮರುದಿನ ನಾನೇ ಬೇಲಿಯ ಹತ್ತಿರ ಹೋಗಿ ಅವರನ್ನು "ಅಜ್ಜ" ಎಂದು ಕರೆದೆ. ಹಾಗೆಂದರೇನು ಎಂದು ಕೇಳಿದರು. ಹೇಳಿದೆ. "ಇರಲಿ, ಅದಕ್ಕಿಂತ ಕೆಟ್ಟ ಮಾತಲ್ಲೆಲ್ಲ ಕರೆಸಿಕೊಂಡಿದೀನಿ" ಅಂದರು. ಅವರ ಮಾತನ್ನೆಲ್ಲ ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ. ಅವರ ಇಂಗ್ಲಿಷು ನನಗೆ ಪೂರ್ತಿ ತಿಳಿಯಲು ಎರಡು ವರ್ಷ ಹಿಡಿಯಿತು.

ಅಜ್ಜ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಹೆಂಡತಿ ನಾವು ಬರುವ ಮೊದಲೇ ತೀರಿಕೊಂಡಿದ್ದರು. ಗಣಿಯ ಧೂಳು ಎದೆಯಲ್ಲಿ ಉಳಿದುಕೊಂಡು, ನಾಲ್ಕು ಹೆಜ್ಜೆ ನಡೆದರೆ ಒಮ್ಮೆ ನಿಲ್ಲುವರು. ಹಾಗೆ ನಿಂತಾಗ ಉಸಿರಿಗಾಗಿ ನಿಂತೆನೆಂದು ತೋರಿಸಿಕೊಳ್ಳದೆ, ಯಾರದೋ ಗುಲಾಬಿ ಗಿಡ ನೋಡುತ್ತಿರುವ ಹಾಗೆ ನಿಲ್ಲುವರು. ಯಾವ ವಾರ ಯಾವ ಬಣ್ಣದ ಕಸದ ತೊಟ್ಟಿ ಹೊರಗಿಡಬೇಕು ಎನ್ನುವುದರಿಂದ ಹಿಡಿದು ಈ ಊರಿನ ಬದುಕನ್ನೆಲ್ಲ ನನಗೆ ಕಲಿಸಿದವರು ಅವರು. ಅವರಿಗಿದ್ದ ಒಂದೇ ಹುಚ್ಚೆಂದರೆ ಮೀನು ಹಿಡಿಯುವುದು. ವಾರಕ್ಕೆರಡು ದಿನ ಟ್ರೆಂಟ್ ಹೊಳೆಯ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂರುವರು.

ನಾನೋ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಮೊಟ್ಟೆ ಇಟ್ಟ ತಟ್ಟೆಯನ್ನೂ ಮುಟ್ಟದವಳು. ಇಷ್ಟು ಒಳ್ಳೆಯ ಮನುಷ್ಯನಿಗೆ ಇದೊಂದು ಕೆಟ್ಟ ಚಟ ಯಾಕೆ ಕೊಟ್ಟೆಯಪ್ಪಾ ಶಿವನೇ ಎಂದು ಮರುಗುತ್ತಿದ್ದೆ. ಅವರು ಹೊರಟಾಗ, ಇವತ್ತು ಒಂದೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹೆಚ್ಚಿನ ದಿನ ಸಿಗುತ್ತಲೂ ಇರಲಿಲ್ಲ. ಹಾಗೆ ಬರಿಗೈಯಲ್ಲಿ ಬರುವುದಕ್ಕೆ ಗಾಳದವರ ಮಾತಿನಲ್ಲಿ 'ಬ್ಲ್ಯಾಂಕ್' ಎನ್ನುತ್ತಾರಂತೆ. ನಾನು ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರನೇ ಸಲ ಫೇಲಾಗಿ ಅಳುತ್ತಾ ಬಂದಾಗ ಅಜ್ಜ ಹೇಳಿದ್ದರು: "ಮೂರೇ ಬ್ಲ್ಯಾಂಕಾ? ನಾನು ಹೋದ ಜುಲೈ ಇಡೀ ಬ್ಲ್ಯಾಂಕ್."

ದಿನದ ಪೂಜೆ ಮುಗಿದ ಮೇಲೆ ಶಿವ ಹಿಂದಿನ ದಿನ ಕೊಟ್ಟದ್ದನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಬಟ್ಟೆ ಒಣಗಿದ್ದು ಒಂದು, ಹಾಲು ಉಕ್ಕದಿದ್ದದ್ದು ಒಂದು. ಅಜ್ಜನೂ ಬೇಲಿಗೆ ಒರಗಿ ಹಾಗೇ ಎಣಿಸುವರು. "ಮೀನು ಸೊನ್ನೆ. ಮಿಂಚುಳ್ಳಿ ಎರಡು. ಬಿಸಿಲು ಅರ್ಧ ಗಂಟೆ. ತಲೆ ತಿನ್ನೋರು ಯಾರೂ ಬರಲಿಲ್ಲ, ಅದು ಮೂರಕ್ಕೆ ಸಮ."

ಒಂದು ದಿನ ನಮ್ಮ ಅಡುಗೆಮನೆಯಿಂದ ಬರುವ ಆ ಗಾಟು ವಾಸನೆ ಏನೆಂದು ಕೇಳಿದರು. ಇಂಗು ತೋರಿಸಿದೆ. ಒಂದು ಚಿಟಿಕೆ ಕೊಡುತ್ತೀಯಾ ಅಂದರು. ಹದಿನೈದು ದಿನಕ್ಕೊಮ್ಮೆ ಕೇಳತೊಡಗಿದರು. ಇಂಗ್ಲಿಷರ ಅಜ್ಜ ನನ್ನ ಕೈಯ ಇಂಗು ಹಾಕಿ ಬೇಳೆ ಬೇಯಿಸಿಕೊಳ್ಳುತ್ತಿದ್ದಾರೆಂದು ಹುಬ್ಬಳ್ಳಿಯ ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡು ಹಿಗ್ಗಿದ್ದೇ ಹಿಗ್ಗಿದ್ದು.

ಆ ವರ್ಷದ ಪಂಚಮಿ ಬಂತು. ನಮ್ಮ ಕಡೆ ಅಂದು ಒಲೆಯ ಮೇಲೆ ಹೆಂಚಿಡುವುದಿಲ್ಲ, ನೆಲ ಅಗೆಯುವುದಿಲ್ಲ, ಕಾಯಿಪಲ್ಲೆಯನ್ನೂ ಹೆಚ್ಚುವುದಿಲ್ಲ. ಯಾವ ಜೀವಕ್ಕೂ ನೋವಾಗಬಾರದು. ಪುಟಾಣಿ ಹಿಟ್ಟು, ಬೆಲ್ಲ, ಏಲಕ್ಕಿ ಹಾಕಿ ತಂಬಿಟ್ಟಿನ ಉಂಡಿ ಕಟ್ಟಿದ್ದೆ. ಅಜ್ಜನ ಹಲ್ಲಿಗೆ ಸುಲಭವಾಗಲೆಂದು ಅವರ ಪಾಲಿನವನ್ನು ಸಣ್ಣಸಣ್ಣದಾಗಿ, ಗೋಲಿಯಷ್ಟು ಕಟ್ಟಿ, ನೈವೇದ್ಯ ಮಾಡಿ, ಆ ಐಸ್‌ಕ್ರೀಮ್ ಡಬ್ಬಿಯಲ್ಲಿ ಕೊಟ್ಟೆ. ಅವರು ಮುಚ್ಚಳ ತೆಗೆದು ನೋಡಿದರು. ಒಂದನ್ನು ಎತ್ತಿ ಬೆರಳಲ್ಲಿ ಒತ್ತಿದರು. ಅವರ ಕಣ್ಣು ತುಂಬಿಬಂದದ್ದನ್ನು ಕಂಡೆ. "ನೀನೇ ಕಟ್ಟಿದ್ದಾ ಡಕ್? ನನಗೋಸ್ಕರ?" ಅಂದರು.

ಸಂಜೆಯ ಹೊತ್ತಿಗೆ, ಹೊಳೆಯಿಂದ ಮರಳಿದ ಅವರ ದನಿ ಬೇಲಿ ದಾಟಿ ಬಂತು. ಕೆಮ್ಮು, ನಗು ಎರಡೂ ಕೂಡಿತ್ತು.

"ಮೂರನೇ ಉಂಡೇನ ತಗೊಂಡ್ಲು! ನಿನ್ನ ಇಂಗಲ್ಲಿ ಉರುಳಿಸಿ ಹಾಕಿದೆ. ನನ್ನ ಆಯಸ್ಸಲ್ಲೇ ಇಷ್ಟು ದೊಡ್ಡ ಬಾರ್ಬೆಲ್ ಹಿಡಿದಿರಲಿಲ್ಲ!"

ಬಾರ್ಬೆಲ್ ಅಂದರೆ ನಾಲ್ಕು ಮೀಸೆಯ, ಕಂಚಿನ ಬಣ್ಣದ ದೊಡ್ಡ ಹೊಳೆಮೀನು ಎಂದು ಆಮೇಲೆ ತಿಳಿಯಿತು. ಆಗ ತಿಳಿದದ್ದು ಇಷ್ಟೇ: ಪಂಚಮಿಯ ದಿನ, ದೇವರ ಪ್ರಸಾದವನ್ನು, ನನ್ನ ಕೈಯಾರೆ ಕಟ್ಟಿದ್ದನ್ನು, ಗಾಳಕ್ಕೆ ಸಿಕ್ಕಿಸಿ ಒಂದು ಜೀವವನ್ನು ಎಳೆದಿದ್ದಾರೆ. ಇಂಗೂ ಬೇಳೆಗೆ ಹೋಗುತ್ತಿರಲಿಲ್ಲ. ನಾನು ಒಳಗೆ ಬಂದು ಹಿಂಬಾಗಿಲು ಹಾಕಿಕೊಂಡೆ. ಹತ್ತು ದಿನ ಬೇಲಿಯ ಕಡೆ ಸುಳಿಯಲಿಲ್ಲ.

ಕೊನೆಗೆ ನಮ್ಮ ಮನೆಯವರೇ ಹೋಗಿ ಅವರಿಗೆ ವಿಷಯ ಬಿಡಿಸಿ ಹೇಳಿ ಬಂದರು. ಮರುದಿನ ಅಜ್ಜ ನಮ್ಮ ಮುಂಬಾಗಿಲಿಗೆ ಬಂದು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆಯೇ ನಿಂತರು. ತೊಳೆದ ಡಬ್ಬಿ ಕಂಕುಳಲ್ಲಿತ್ತು.

"ಗಾಳಕ್ಕೆ ನಾವೂ ಅಂಥದೇ ಉಂಡೆ ಹಾಕ್ತೀವಿ. ಅದೇ ಅಳತೆ, ಅದೇ ಬಣ್ಣ. ಇಂಗು ಬೇರೆ ಕೊಡ್ತಿದ್ದೆಯಲ್ಲ… ಅಂತೂ ಇವಳಿಗೆ ನನ್ನ ಮೀನಿನ ಹುಚ್ಚು ಒಪ್ಪಿಗೆ ಆಯ್ತು ಅಂದುಕೊಂಡೆ. ಅದಕ್ಕೇ ಅವತ್ತು ಕಣ್ಣಲ್ಲಿ ನೀರು ಬಂದದ್ದು." ಆಮೇಲೆ ಮೆಲ್ಲಗೆ ಹೇಳಿದರು: "ಅವಳನ್ನ ವಾಪಸ್ ಬಿಟ್ಟೆ ಡಕ್. ನಾನು ಎಲ್ಲವನ್ನೂ ವಾಪಸ್ ಬಿಡ್ತೀನಿ."

"ಬಿಡುವುದಾದರೆ ಹಿಡಿಯುವುದು ಯಾಕೆ?" ಅಂದೆ.

ಅವರು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. "ನೋಡೋಕೆ. ಟ್ರೆಂಟ್ ನೀರು ರಾಡಿ. ಬೇರೆ ಹೇಗೆ ಕಾಣ್ತಾಳೆ ಅವಳು?"

"ನೋವಾಗುವುದಿಲ್ಲವೇ?"

"ಆಗುತ್ತೆ. ನಿನ್ನ ಹತ್ರ ಸುಳ್ಳು ಹೇಳಲ್ಲ. ಅದಕ್ಕೇ ಮುಳ್ಳಿಲ್ಲದ ಕೊಕ್ಕೆ ಹಾಕೋದು, ಬಾಯಿ ಹರಿಯದೆ ಕಳಚಿ ಬರುತ್ತೆ."

ಆ ಉತ್ತರ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ನೋವಾಗುವುದಿಲ್ಲವೆಂದು ಅವರು ಸುಮ್ಮನೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಒಳಗೆ ಕರೆದು ಚಹಾ ಕೊಟ್ಟೆ.

ಅಂದಿನಿಂದ ಅವರು ಹೇಳುವ ಮೀನಿನ ಕತೆ ಕೇಳತೊಡಗಿದೆ. ಅವರ ಮನೆಯ ಗೋಡೆಯ ಮೇಲೆ ಒಂದೇ ಒಂದು ಮೀನಿನ ಫೋಟೋ ಇತ್ತು. ಅದು ಟ್ರೆಂಟ್‌ನದಲ್ಲ. ಒಮ್ಮೆ ತಂಗಿಯನ್ನು ನೋಡಲು ಅಮೆರಿಕೆಗೆ ಹೋದಾಗ ಅಲ್ಲಿಯ ಜೌಗು ಕೆರೆಯೊಂದರಲ್ಲಿ ಹಿಡಿದದ್ದು. ಬೋಫಿನ್ ಎಂದು ಅದರ ಹೆಸರು. ಬೆನ್ನುದ್ದಕ್ಕೂ ಒಂದೇ ರೆಕ್ಕೆ, ಪಾಚಿ ಬಣ್ಣದ ಮೈ. ನೋಡಲು ಏನೇನೂ ಚಂದವಿಲ್ಲ. ಅಲ್ಲಿ ಬಹಳ ಜನ ಅದನ್ನು ಕೆಲಸಕ್ಕೆ ಬಾರದ ಮೀನೆಂದು ದಂಡೆಗೆ ಎಸೆದು ಸಾಯಲು ಬಿಡುತ್ತಿದ್ದರಂತೆ. ತಂಗಿಯ ಗಂಡನೂ ಎಸೆಯಲು ಹೇಳಿದನಂತೆ. ಅಜ್ಜ ಮೊಣಕಾಲುದ್ದ ಕೆಸರಿಗಿಳಿದು ಬಿಟ್ಟು ಬಂದರಂತೆ.

"ಮರಿಗಳನ್ನ ಗಂಡೇ ಕಾಯುತ್ತೆ ಗೊತ್ತಾ, ವಾರಗಟ್ಟಲೆ. ಇನ್ನೊಂದು ಕೇಳು. ನೀರು ಕೆಟ್ಟು ಉಸಿರು ಸಾಲದಾದಾಗ ಮೇಲೆ ಬಂದು, ಬಾಯಿ ತೆರೆದು, ಗಾಳಿನೇ ಕುಡಿದು ಹೋಗ್ತಾನೆ." ಅಷ್ಟು ಹೇಳುವುದರಲ್ಲೇ ಅವರಿಗೆ ಏದುಸಿರು ಬಂದಿತ್ತು. ನಕ್ಕರು. "ಗಣಿಯೊಳಗೆ ನಮಗೂ ಆ ವಿದ್ಯೆ ಬೇಕಿತ್ತು."

ಮುಂದಿನ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವರು ನಾಲ್ಕು ಹೆಜ್ಜೆಯನ್ನೂ ನಡೆಯಲಾರದಾದರು. ಮನೆಗೆ ನರ್ಸ್ ಬರತೊಡಗಿದರು. ಒಂದು ಮಧ್ಯಾಹ್ನ ಸಾರು ಕೊಡಲು ಹೋದಾಗ ಅಜ್ಜ ಕೇಳಿದರು: ಇನ್ನೊಂದೇ ಸಲ ಹೊಳೆಗೆ ಹೋಗಬೇಕು, ಒಂದು ಬಾರ್ಬೆಲ್ ನೋಡಬೇಕು, ಕರೆದುಕೊಂಡು ಹೋಗುತ್ತೀಯಾ? ನನಗೆ ಲೈಸೆನ್ಸ್ ಬಂದಿತ್ತು. ಅದಕ್ಕೇನಂತೆ ಅಂದೆ.

"ಪೂರ್ತಿ ಕೇಳು ಮೊದಲು. ಕುರ್ಚಿಯಲ್ಲಿ ಕೂತು ಹಿಡಿಯೋದು ನನ್ನ ಕೈಲಾಗುತ್ತೆ. ಮಂಡಿಯೂರಿ ಬಿಡೋಕಾಗಲ್ಲ. ಬಾರ್ಬೆಲ್ ಪೂರ್ತಿ ಸುಸ್ತಾಗಿರ್ತಾಳೆ. ನೀರಲ್ಲಿ ನೆಟ್ಟಗೆ ಹಿಡಿದು, ಉಸಿರು ಬರೋವರೆಗೂ ಕಾಯಬೇಕು. ಇಲ್ಲಾಂದ್ರೆ ಮಗುಚಿಕೊಂಡು ಸಾಯ್ತಾಳೆ. ಆ ಕೆಲಸ ನೀನು ಮಾಡಬೇಕು. ಒಲ್ಲೆ ಅಂದ್ರೆ ಬೇಜಾರಿಲ್ಲ. ಆದ್ರೆ ನಾನು ಹೋಗಲ್ಲ. ವಾಪಸ್ ಬಿಡೋಕೆ ಆಗದ್ದನ್ನ ಹೊರಗೆ ತೆಗೆಯಲ್ಲ."

ನಾನು ನನ್ನ ಕೈ ನೋಡಿಕೊಂಡೆ. ದಿನಾ ಬೆಳಿಗ್ಗೆ ಲಿಂಗವನ್ನು ಇಟ್ಟುಕೊಳ್ಳುವ ಅಂಗೈ ಇದು. ಈ ಅಂಗೈಯಲ್ಲಿ ಮೀನೇ?

ಮನೆಯವರಿಗೆ ಹೇಳಿದೆ. "ಭಾಳ ದಿನ ಇಲ್ಲ ಅವರದು" ಅಂದರು ಮೊದಲು. ಆಮೇಲೆ, "ನಾ ಹೋಗು ಅನ್ನೂದಿಲ್ಲ, ಬ್ಯಾಡ ಅಂತನೂ ಅನ್ನೂದಿಲ್ಲ. ಆದ್ರ ಊರಾಗ ಗೊತ್ತಾದ್ರ ನಿನ್ನ ಕೈಯಾಗಿನ ಹೋಳಿಗಿ ಯಾರೂ ತಿನ್ನಂಗಿಲ್ಲ ನೋಡು."

"ನೀವು ತಿಂತೀರಿಲ್ಲೋ?"

"ನನಗ ಬ್ಯಾರೆ ಯಾರ್ ಮಾಡಿ ಹಾಕ್ತಾರ?"

ಮರುದಿನ ಬೆಳಿಗ್ಗೆ ಪೂಜೆಗೆ ಕೂತಾಗ ಶಿವನನ್ನೇ ಕೇಳಿದೆ. ಅವನು ಯಾವತ್ತಿನ ಹಾಗೆ ಸುಮ್ಮನಿದ್ದ. ಆದರೆ ಎದ್ದಾಗ ಒಂದು ಮಾತು ಮನಸ್ಸಿಗೆ ಹತ್ತಿತ್ತು. ಅಜ್ಜ ನನ್ನನ್ನು ಕೇಳಿದ್ದು ಕೊಲ್ಲುವುದಕ್ಕಲ್ಲ, ಬದುಕಿಸುವುದಕ್ಕೆ.

ಒಪ್ಪಿಕೊಂಡೆ. ಇಂಡಿಯನ್ ಅಂಗಡಿಯಿಂದ ತಂದ ಸೋರೆಕಾಯಿಯೇ ನನ್ನ ಮೊದಲ ಮೀನು. ಅಜ್ಜ ನಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಪಾಠ ಹೇಳಿದರು. ನಾನು ಸಿಂಕ್ ತುಂಬಾ ನೀರು ಬಿಟ್ಟು ಸೋರೆಕಾಯಿ ಹಿಡಿದುಕೊಂಡೆ. "ಮೊದಲು ಕೈ ಒದ್ದೆ ಮಾಡ್ಕೋ. ಒಣ ಕೈ ಅವಳಿಗೆ ಸುಟ್ಟ ಹಾಗೆ. ಒಂದು ಕೈ ಹೊಟ್ಟೆ ಕೆಳಗೆ, ಇನ್ನೊಂದು ಬಾಲದ ಹತ್ರ. ಹಿಂಡಬೇಡ ಮಾರಾಯ್ತಿ, ಅದು ಬಟ್ಟೆಯಲ್ಲ!" ಆ ಸಂಜೆ ಅದೇ ಸೋರೆಕಾಯಿಯ ಪಲ್ಯ ಮಾಡಿ ಅವರಿಗೂ ಕೊಟ್ಟೆ. ಇವಳನ್ನು ಮಾತ್ರ ವಾಪಸ್ ಬಿಡಲಿಲ್ಲವಲ್ಲ ಅಂದರು.

ಸೆಪ್ಟೆಂಬರಿನ ಒಂದು ಗುರುವಾರ ಹೋದೆವು. ಕಾರನ್ನು ದಂಡೆಯ ಹತ್ತಿರದವರೆಗೂ ಒಯ್ಯಲು ಬಂದದ್ದು ಆ ದಿನದ ಮೊದಲ ಪುಣ್ಯ. ಈ ಸಲ ಉಂಡಿಯನ್ನು ಗಾಳಕ್ಕೆಂದೇ ಕಟ್ಟಿದ್ದೆ, ನೈವೇದ್ಯ ಮಾಡದೆ. ಎರಡು ಗಂಟೆ ಏನೂ ಆಗಲಿಲ್ಲ. ಸಿಗದಿರಲಿ ಎಂದು ಬೇಡಬೇಕೋ ಸಿಗಲಿ ಎಂದು ಬೇಡಬೇಕೋ ತಿಳಿಯದೆ ಬರೀ ಶಿವಶಿವ ಎನ್ನುತ್ತಿದ್ದೆ. ಆಮೇಲೆ ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತು. ಅಜ್ಜ ಎಳೆದರು, ಬಿಟ್ಟರು, ಕಣ್ಣು ಮುಚ್ಚಿ ಉಸಿರು ತೆಗೆದುಕೊಂಡರು, ಮತ್ತೆ ಎಳೆದರು. ಅವರ ತುಟಿ ನೀಲಿಯಾದದ್ದು ಕಂಡು "ಸಾಕು ಅಜ್ಜ" ಅಂದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಕೊನೆಗೆ ಮೀನು ದಂಡೆಯ ಬಳಿ ನೀರಲ್ಲಿ ಹಾಸಿಟ್ಟಿದ್ದ ಬಲೆಯೊಳಗೆ ಬಂತು.

ಸೀರೆಯ ನೆರಿಗೆ ಸಿಕ್ಕಿಸಿಕೊಂಡು ನೀರಿಗಿಳಿದೆ. ಎರಡೂ ಕೈ ಅದ್ದಿದೆ. ಹೇಳಿಕೊಟ್ಟಂತೆ ಕೊಕ್ಕೆ ಹಿಂದಕ್ಕೆ ಒತ್ತಿದೆ, ಜಾರಿ ಬಂತು. ಬಲೆ ತಗ್ಗಿಸಿ, ಮೀನನ್ನು ಅಂಗೈ ಮೇಲೆ ತೆಗೆದುಕೊಂಡೆ. ಅದು ಒಂದು ಕಡೆಗೆ ವಾಲಿತು, ಬಿಳಿಯ ಹೊಟ್ಟೆ ಕಂಡಿತು. "ಸತ್ತಿತು ಅಜ್ಜ!"

"ನೆಟ್ಟಗೆ ಹಿಡಿ. ಮುಖ ಹರಿವಿಗೆ ಎದುರಾಗಿ. ಕಾಯ್ತಾ ಇರು."

"ಎಷ್ಟು ಹೊತ್ತು?"

"ಅವಳೇ ಹೇಳ್ತಾಳೆ."

ಕಾದೆ. ಹೊಳೆ ಅದರ ಬಾಯಿಯೊಳಗೆ ಹೋಗಿ ಕಿವಿರಿನಿಂದ ಹೊರಗೆ ಬರುತ್ತಿತ್ತು. ಕಿವಿರು ಒಮ್ಮೆ ತೆರೆಯಿತು… ನಿಂತಿತು… ಮತ್ತೆ ತೆರೆಯಿತು. ಹಿಂದೆ ಕುರ್ಚಿಯಲ್ಲಿ ಅಜ್ಜನ ಉಸಿರೂ ಹಾಗೇ ಎಳೆಯುತ್ತಿತ್ತು, ನಿಲ್ಲುತ್ತಿತ್ತು. ಎರಡನ್ನೂ ಕೇಳುತ್ತಾ ಎಷ್ಟು ಹೊತ್ತು ನೀರಲ್ಲಿ ಮಂಡಿಯೂರಿದ್ದೆನೋ ಗೊತ್ತಿಲ್ಲ. ಕಾಲು ಮರಗಟ್ಟಿತ್ತು. ಆಮೇಲೆ ನನ್ನ ಅಂಗೈಯ ಮೇಲೆ ಆ ಮೈಯೆಲ್ಲ ಒಮ್ಮೆ ಬಿಗಿಯಾಯಿತು. ಬಾಲ ಬೀಸಿ, ನನ್ನ ಮುಖದ ತುಂಬಾ ನೀರು ಚಿಮ್ಮಿಸಿ, ಕಂಚಿನ ಬಣ್ಣವೊಂದು ರಾಡಿಯಲ್ಲಿ ಕರಗಿಹೋಯಿತು.

ತಿರುಗಿ ನೋಡಿದೆ. ಅಜ್ಜ ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಮಾತಾಡಲು ಉಸಿರಿರಲಿಲ್ಲ. ಒಂದು ಬೆರಳು ಎತ್ತಿ ತೋರಿಸಿದರು. ಮೀನು, ಒಂದು.

ಮರುದಿನ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಕೈ ನಡುಗೀತೆಂದು ಹೆದರಿದ್ದೆ. ನಡುಗಲಿಲ್ಲ. ಊರಿನಲ್ಲಿ ಯಾರಿಗೂ ಈ ವಿಷಯ ಹೇಳಿಲ್ಲ. ಇಲ್ಲಿ ಬರೆದದ್ದೇ ಮೊದಲು.

ಆ ಚಳಿಗಾಲ ದಾಟಲಿಲ್ಲ ಅಜ್ಜ. ಕೊನೆಯ ವಾರ ಮುಖಕ್ಕೆ ಆಮ್ಲಜನಕದ ಕೊಳವೆ ಹಾಕಿದ್ದರು. ಒಂದು ಮಧ್ಯಾಹ್ನ ಅವರನ್ನು ದಿಂಬಿಗೆ ನೆಟ್ಟಗೆ ಒರಗಿಸಿ, ಬೆನ್ನಿಗೊಂದು ಕೈ ಕೊಟ್ಟು ಕೂತಿದ್ದೆ. ಅವರಿಗೆ ಅದು ಏನನ್ನು ನೆನಪಿಸಿತೋ, ಕಣ್ಣಲ್ಲೇ ನಕ್ಕರು. ನಾನೂ ನಕ್ಕೆ. ನನಗೆ ತಿಳಿದಿದ್ದ ವಿದ್ಯೆ ಅಷ್ಟೇ. ಅದು ಸಾಲಲಿಲ್ಲ.

ಆ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಒಳ್ಳೆಯವರು. ಬೇಲಿ ಎತ್ತರ ಮಾಡಿಸಿದ್ದಾರೆ.

ಮೊನ್ನೆ ಪಂಚಮಿಯ ದಿನ ಪೂಜೆ ಮುಗಿಸಿ, ಗೋಲಿಯಷ್ಟು ಸಣ್ಣ ಉಂಡಿ ನಾಲ್ಕು ಕಟ್ಟಿ, ಇಂಗಿನ ವಾಸನೆಯ ಅದೇ ಡಬ್ಬಿಯಲ್ಲಿ ಹಾಕಿಕೊಂಡು ಹೊಳೆಗೆ ಹೋದೆ. ಈ ಸಲ ಅವು ಪ್ರಸಾದದವೇ. ಕೋಲಿಲ್ಲ, ಕೊಕ್ಕೆಯಿಲ್ಲ. ಒಂದೊಂದಾಗಿ ನೀರಿಗೆ ಬಿಟ್ಟೆ. ಯಾರು ತಿಂದರೋ ಬಿಟ್ಟರೋ, ಟ್ರೆಂಟ್ ನೀರು ರಾಡಿ, ಏನೂ ಕಾಣಲಿಲ್ಲ. ಬ್ಲ್ಯಾಂಕ್. ಮಿಂಚುಳ್ಳಿಯೂ ಬರಲಿಲ್ಲ. ಬಿಸಿಲು ಮಾತ್ರ ಇತ್ತು, ಸುಮಾರು ಅರ್ಧ ಗಂಟೆ.

ಎದ್ದು ಬರುವಾಗ ನೋಡಿಕೊಂಡೆ, ಕೈ ಮೊಣಕೈವರೆಗೆ ಒದ್ದೆಯಾಗಿತ್ತು. ಉಂಡಿ ಬಿಡಲು ಕೈ ಅದ್ದಬೇಕಾಗಿರಲೇ ಇಲ್ಲ. ಮೊದಲು ಕೈ ಒದ್ದೆ ಮಾಡ್ಕೋ ಅಂದಿದ್ದರಲ್ಲ ಅಜ್ಜ…